ಹಿಂಡಿ ಉಳಿದ ಸಿಪ್ಪೆ: ಶಿರಸಿಯ ಅಡುಗೆಮನೆಯಲ್ಲಿ ನನ್ನ ಅನುಭವ

ಲಿಂಬೆ, ಕಂಚಿ, ಚಕ್ಕೋತ, ಕಿತ್ತಳೆ, ಮೂಸಂಬಿ, ಹೀಗೆ ಲಿಂಬೆ ಜಾತಿಯ ಒಂದಲ್ಲ ಒಂದು ಹಣ್ಣು ನಮ್ಮ ಮನೆಯಲ್ಲಿ ವರ್ಷವಿಡೀ ಇದ್ದೇ ಇರುತ್ತದೆ. ಮೊದಲಿನ ಮೂರು ಶಿರಸಿ ಸೀಮೆಯ ಅಡಿಕೆ ತೋಟದ ಅಂಚಿನಲ್ಲೋ ಹಿತ್ತಿಲಿನಲ್ಲೋ ಬೆಳೆಯುವಂಥವು, ಉಳಿದೆರಡು ಪೇಟೆಯಿಂದ ಬರುವಂಥವು. ಸಿಪ್ಪೆಯನ್ನು ಬಳಸುವಾಗ ನಾನು ಪಾಲಿಸುವ ಮೊದಲ ಕಟ್ಟಳೆ ಈ ಭೇದದ ಮೇಲೆಯೇ ನಿಂತಿದೆ. ಔಷಧಿ ಹೊಡೆಯದ ಮನೆಯ ಮರದ ಸಿಪ್ಪೆ ಹೊಟ್ಟೆಗೆ, ಪೇಟೆಯ ಹಣ್ಣಿನ ಸಿಪ್ಪೆ ಪಾತ್ರೆ ಮತ್ತು ಬಚ್ಚಲಿಗೆ. ಪೇಟೆಯ ಕಿತ್ತಳೆಗೆ ಹೊಳಪು ಬರಲೆಂದು, ಬೇಗ ಬಾಡದಿರಲೆಂದು ಮೇಣದ ಲೇಪ ಕೊಟ್ಟಿರುವುದುಂಟು. ತೋಟದಲ್ಲಿ ಸಿಂಪಡಿಸಿದ ಔಷಧಿಯೂ ಉಳಿದಿದ್ದರೆ ಅದು ಸಿಪ್ಪೆಯಲ್ಲಿಯೇ ಉಳಿದಿರುತ್ತದೆ. ತಿನ್ನಲೇಬೇಕೆಂದಾಗ ಬಿಸಿನೀರಿನಲ್ಲಿ ಅದ್ದಿ, ಒರಟು ಬಟ್ಟೆಯಿಂದ ತಿಕ್ಕಿ ತೊಳೆಯುತ್ತೇನೆ. ಆದರೂ ಮನಸ್ಸು ಒಪ್ಪುವುದು ಹಿತ್ತಿಲಿನ ಹಣ್ಣನ್ನೇ.

ಎರಡನೆಯ ಕಟ್ಟಳೆ ಸಿಪ್ಪೆಯ ರಚನೆಗೆ ಸಂಬಂಧಿಸಿದ್ದು. ಸಿಪ್ಪೆ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎರಡು ಪದರಗಳಿವೆ. ಹೊರಗಿನ ಬಣ್ಣದ ಪದರದಲ್ಲಿ ಎಣ್ಣೆಯ ಸಣ್ಣ ಸಣ್ಣ ಚೀಲಗಳಿರುತ್ತವೆ. ಕಿತ್ತಳೆ ಸಿಪ್ಪೆಯನ್ನು ದೀಪದ ಕುಡಿಯ ಹತ್ತಿರ ಹಿಡಿದು ಮಡಚಿದರೆ ಚಟಪಟನೆ ಕಿಡಿ ಹಾರುವುದು ಈ ಎಣ್ಣೆಯಿಂದಲೇ. ಅದರಲ್ಲಿ ಬಹುಪಾಲು ಲಿಮೊನೀನ್ ಎಂಬ ದ್ರವ್ಯವಿದ್ದು, ಕಿತ್ತಳೆಯ ಎಣ್ಣೆಯಲ್ಲಂತೂ ಅದರ ಪ್ರಮಾಣ ಶೇ. 90ಕ್ಕಿಂತ ಹೆಚ್ಚು. ಜಿಡ್ಡನ್ನು ಬಿಡಿಸುವುದು, ಪರಿಮಳ ಕೊಡುವುದು, ಬೇಗ ಹೊತ್ತಿಕೊಳ್ಳುವುದು ಎಲ್ಲವೂ ಅದರ ಗುಣ. ಒಳಗಿನ ಬಿಳಿ ಪದರದಲ್ಲಿ ಎಣ್ಣೆಯಿಲ್ಲ. ಅಲ್ಲಿರುವುದು ಪೆಕ್ಟಿನ್, ಅಂದರೆ ಜಾಮನ್ನು ಗಟ್ಟಿಯಾಗಿಸುವ ಅಂಟು, ಜೊತೆಗೆ ಕಹಿ. ಯಾವ ಕೆಲಸಕ್ಕೆ ಯಾವ ಪದರ ಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡರೆ ಸಿಪ್ಪೆಯ ಉಪಯೋಗದಲ್ಲಿ ಅರ್ಧ ಕೆಲಸ ಮುಗಿದಂತೆ. ಎಲ್ಲ ಸಿಪ್ಪೆಗಳನ್ನೂ ಒಂದೇ ಡಬ್ಬಿಗೆ ತುಂಬಿಸಿಟ್ಟು, ಆಮೇಲೆ ನೋಡೋಣ ಎಂದುಕೊಂಡರೆ, ನಮ್ಮ ಊರಿನ ಹವೆಯಲ್ಲಿ ಆ ಡಬ್ಬಿಯಿಂದ ಹೊರಗೆ ಬರುವುದು ಹಸಿರು ಬೂಷ್ಟು ಮಾತ್ರ.

ತಿನ್ನುವ ಬಗೆಗಳಲ್ಲಿ ನಮ್ಮ ಮನೆಯಲ್ಲಿ ಹೆಚ್ಚು ಸಲ ಆಗುವುದು ತಂಬುಳಿ. ಹವ್ಯಕರ ಅಡುಗೆಯಲ್ಲಿ ಒಂದೆಲಗದಿಂದ ಹಿಡಿದು ದಾಳಿಂಬೆ ಸಿಪ್ಪೆಯವರೆಗೆ ತಂಬುಳಿಯಾಗದ ವಸ್ತು ಕಡಿಮೆ. ಕಿತ್ತಳೆ ಮತ್ತು ಕಂಚಿಯ ಸಿಪ್ಪೆಗಳೂ ಆ ಸಾಲಿನಲ್ಲಿವೆ. ನಾಲ್ಕು ಜನರ ಊಟಕ್ಕೆ ಅಂಗೈಯ ಅರ್ಧದಷ್ಟು ಅಗಲದ ಸಿಪ್ಪೆ ಧಾರಾಳವಾಗಿ ಸಾಕು. ಚಾಕುವಿನಿಂದ ಬಿಳಿ ಪದರವನ್ನು ಆದಷ್ಟು ಹೆರೆದು ತೆಗೆದು, ಉಳಿದುದನ್ನು ಸಣ್ಣಗೆ ಹೆಚ್ಚಿ, ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ ಮತ್ತು ನಾಲ್ಕೈದು ಕಾಳುಮೆಣಸಿನ ಜೊತೆಗೆ ಸಣ್ಣ ಉರಿಯಲ್ಲಿ ಹುರಿಯುತ್ತೇನೆ. ಸಿಪ್ಪೆಯ ಹಸಿ ವಾಸನೆ ಹೋಗಿ ಅಂಚು ಗರಿಯಾದಾಗ ಇಳಿಸಿ, ಒಂದು ಹಿಡಿ ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ಕಡೆದ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿದರೆ ಆಯಿತು. ಬೇಕೆಂದವರು ಚೂರು ಬೆಲ್ಲ ಸೇರಿಸಬಹುದು. ಮೇಲೆ ತುಪ್ಪದ ಒಗ್ಗರಣೆ ಕೊಟ್ಟು ಬಿಸಿ ಅನ್ನಕ್ಕೆ ಕಲಸಿಕೊಂಡರೆ ಜ್ವರ ಬಿಟ್ಟು ಎದ್ದವರ ಬಾಯಿಗೂ ರುಚಿ ಹತ್ತುತ್ತದೆ. ತಂಬುಳಿಯನ್ನು ಕುದಿಸಬಾರದು, ಹೆಚ್ಚು ಹೊತ್ತು ಇಡಲೂಬಾರದು. ಹೊತ್ತು ಕಳೆದಂತೆ ಕಹಿ ಏರುತ್ತದೆ.

ಗೊಜ್ಜಿಗೆ ಮಾತ್ರ ಕಹಿ ಸ್ವಲ್ಪ ಉಳಿದಿರಬೇಕು ಎಂಬುದು ನನ್ನ ಅಭಿಪ್ರಾಯ. ಒಂದು ಕಿತ್ತಳೆಯ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆಗೆ ಹಾಕಿ ಬಾಡಿಸಿ, ಲಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಉಪ್ಪು, ಅರಿಶಿನ, ಸಾರಿನ ಪುಡಿ ಹಾಕಿ ಕುದಿಸುವುದು ಎಲ್ಲರಿಗೂ ಗೊತ್ತಿರುವ ಕ್ರಮ. ನಮ್ಮ ಕಡೆ ಅಚ್ಚುಬೆಲ್ಲದ ಬದಲು ಜೋನಿಬೆಲ್ಲ ಹಾಕುತ್ತೇವೆ. ಜೋನಿಬೆಲ್ಲ ನೀರಾಗಿರುವುದರಿಂದ ಗೊಜ್ಜಿಗೆ ತಾನೇ ಹೊಳಪು ಮತ್ತು ಮಂದತನ ಬರುತ್ತದೆ, ಸಿಪ್ಪೆಯ ಹೋಳಿನೊಳಕ್ಕೆ ಸಿಹಿ ಬೇಗ ಇಳಿಯುತ್ತದೆ. ಆಲೆಮನೆಯ ಹೊಸ ಬೆಲ್ಲವೂ ಪೇಟೆಯ ಕಿತ್ತಳೆಯೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ, ಚಳಿಗಾಲ ಮುಗಿಯುವ ಹೊತ್ತಿಗೆ, ಮನೆಯಲ್ಲಿರುವುದು ಈ ಗೊಜ್ಜಿಗೆ ಅನುಕೂಲವೇ.

ಬೇಸಿಗೆಯಲ್ಲಿ ಪಾನಕಕ್ಕೆಂದು ರಸ ಹಿಂಡಿದ ಲಿಂಬೆಯ ಹೋಳುಗಳು ರಾಶಿಯಾಗಿ ಉಳಿಯುತ್ತವೆ. ಇವುಗಳಿಗೆ ನಾನು ಒಂದು ಭರಣಿಯನ್ನೇ ಬೇರೆಯಾಗಿ ಇಟ್ಟಿದ್ದೇನೆ. ಆಯಾ ದಿನದ ಹೋಳುಗಳ ಬೀಜ ತೆಗೆದು, ಪ್ರತಿಯೊಂದನ್ನೂ ಎರಡು ತುಂಡು ಮಾಡಿ, ತೂಕದ ಕಾಲುಭಾಗದಷ್ಟು ಹರಳುಪ್ಪನ್ನು ಪುಡಿಮಾಡಿ ಬೆರೆಸಿ ಭರಣಿಗೆ ಒತ್ತಿ ತುಂಬುತ್ತೇನೆ. ಹಿಂಡಿದ ಹೋಳಿನಲ್ಲಿ ರಸ ಸಾಲದಾದ್ದರಿಂದ ಆಗಾಗ ಒಂದೆರಡು ಇಡೀ ಲಿಂಬೆಯ ರಸವನ್ನು ಮೇಲಿನಿಂದ ಹಾಕುವುದು ಅವಶ್ಯ. ಹೋಳು ಉಪ್ಪು-ಹುಳಿಯ ನೀರಿನಲ್ಲಿ ಮುಳುಗಿಯೇ ಇರಬೇಕು, ಮೇಲೆ ತೇಲಿದ್ದಕ್ಕೆ ಬೂಷ್ಟು ಹಿಡಿಯುತ್ತದೆ. ಒದ್ದೆ ಸೌಟು ಹಾಕುವಂತಿಲ್ಲ. ತಿಂಗಳೊಪ್ಪತ್ತಿನಲ್ಲಿ ಸಿಪ್ಪೆ ಮೆದುವಾಗಿ, ಬಣ್ಣ ಕಂದಿ, ಕಹಿ ಹಿಂದೆ ಸರಿಯುತ್ತದೆ. ಆಮೇಲೆ ಬೇಕಾದಷ್ಟನ್ನೇ ತೆಗೆದು ಮೆಣಸಿನ ಪುಡಿ, ಹುರಿದ ಮೆಂತ್ಯದ ಪುಡಿ, ಇಂಗಿನ ಒಗ್ಗರಣೆ ಕೊಟ್ಟು ಉಪ್ಪಿನಕಾಯಿ ಮಾಡಿಕೊಳ್ಳಬಹುದು. ಮಳೆಗಾಲದ ಗಂಜಿಯೂಟಕ್ಕಾದರೆ ಮಸಾಲೆಯಿಲ್ಲದ ಬರಿಯ ಉಪ್ಪಿನ ಹೋಳೇ ಹೆಚ್ಚು ಹಿತ. ರಸವೆಲ್ಲ ಹೋದ ಮೇಲೂ ಲಿಂಬೆಯ ಪರಿಮಳ ಸಿಪ್ಪೆಯಲ್ಲಿಯೇ ಇರುವುದರಿಂದ ಈ ಉಪ್ಪಿನಕಾಯಿ ಇಡೀ ಲಿಂಬೆಯದ್ದಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯೆಂದು ನನಗೆ ಅನಿಸಿಲ್ಲ.

ಚಕ್ಕೋತದ ವಿಷಯ ಬೇರೆ. ಅದರ ಬಿಳಿ ಪದರ ಹೆಬ್ಬೆರಳಿನಷ್ಟು ದಪ್ಪ, ಹೆಚ್ಚಿನವರು ಎಸೆಯುವುದೂ ಅದನ್ನೇ. ಚೌತಿಯ ಫಲಾವಳಿಗೆ, ಅಂದರೆ ಗಣಪತಿಯ ಮೇಲ್ಗಡೆ ತೂಗಿಸುವ ಹಣ್ಣು-ಕಾಯಿಗಳ ಅಲಂಕಾರಕ್ಕೆ, ಕಟ್ಟಿದ ಚಕ್ಕೋತವನ್ನು ಬಿಚ್ಚಿ ತಂದು ಒಡೆದಾಗ ತೊಳೆಗಳಿಗಿಂತ ಸಿಪ್ಪೆಯ ರಾಶಿಯೇ ದೊಡ್ಡದಾಗಿ ಕಾಣುತ್ತದೆ. ನಾನು ಹೊರಗಿನ ಹಸಿರು ಪದರವನ್ನು ತೆಳ್ಳಗೆ ಹೆರೆದು, ಬಿಳಿಯ ಭಾಗವನ್ನು ಬೆರಳುದ್ದದ ಪಟ್ಟಿಗಳಾಗಿ ಕತ್ತರಿಸಿ, ನೀರಿನಲ್ಲಿ ಕುದಿಸಿ ಆ ನೀರನ್ನು ಚೆಲ್ಲಿ, ಮತ್ತೆ ಹೊಸ ನೀರಿನಲ್ಲಿ ಕುದಿಸುತ್ತೇನೆ. ಹೀಗೆ ಮೂರು ಬಾರಿಯಾದರೂ ಆಗಬೇಕು. ಚಕ್ಕೋತದ ಕಹಿಗೆ ಮುಖ್ಯ ಕಾರಣವಾದ ನರಿಂಜಿನ್ ಎಂಬುದು ಬಿಸಿನೀರಿನಲ್ಲಿ ಕರಗಿ ಹೋಗುವಂಥದ್ದು, ಆದ್ದರಿಂದ ನೀರು ಬದಲಿಸಿದಷ್ಟೂ ಕಹಿ ಇಳಿಯುತ್ತದೆ. ನೀರು ಚೆಲ್ಲುವಾಗಲೆಲ್ಲ ಪಟ್ಟಿಗಳನ್ನು ಅಂಗೈಯಲ್ಲಿ ಮೆಲ್ಲಗೆ ಹಿಂಡಿದರೆ ಇನ್ನೂ ಒಳ್ಳೆಯದು. ಕೊನೆಗೆ ಹಿಂಡಿದ ಪಟ್ಟಿಗಳ ತೂಕದಷ್ಟೇ ಸಕ್ಕರೆಗೆ ಮುಳುಗುವಷ್ಟು ನೀರು ಹಾಕಿ, ಪಟ್ಟಿಗಳನ್ನು ಅದರಲ್ಲಿಯೇ ಸಣ್ಣ ಉರಿಯಲ್ಲಿ ಬೇಯಿಸಬೇಕು. ಅವು ಗಾಜಿನಂತೆ ಪಾರದರ್ಶಕವಾಗಿ, ಪಾಕ ಪೂರ್ತಿ ಹೀರಿಹೋದಾಗ ತಟ್ಟೆಯಲ್ಲಿ ಹರಡಿ ಒಣಗಿಸಿದರೆ ಮಕ್ಕಳು ಮಿಠಾಯಿಯೆಂದೇ ತಿನ್ನುತ್ತಾರೆ. ಭಾದ್ರಪದದ ಜಡಿಮಳೆಯಲ್ಲಿ ಇದು ಬಿಸಿಲಿಗೆ ಒಣಗುವ ಮಾತಿಲ್ಲ; ಒಲೆಯ ಕಟ್ಟೆಯ ಬಿಸಿಯಲ್ಲಿ ಎರಡು ಮೂರು ದಿನ ಇಡಬೇಕಾಗುತ್ತದೆ. ಇಲ್ಲೊಂದು ಎಚ್ಚರಿಕೆ ಹೇಳಬೇಕು. ಚಕ್ಕೋತದಲ್ಲಿರುವ ಕೆಲವು ದ್ರವ್ಯಗಳು ಕೊಲೆಸ್ಟರಾಲ್ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳ ಪ್ರಭಾವವನ್ನು ದೇಹದಲ್ಲಿ ಹೆಚ್ಚಿಸುತ್ತವೆ. ಅಂಥ ಮಾತ್ರೆ ನುಂಗುವ ಹಿರಿಯರು ಮನೆಯಲ್ಲಿದ್ದರೆ ವೈದ್ಯರನ್ನು ಕೇಳಿಯೇ ಅವರಿಗೆ ಕೊಡುವುದು ಕ್ಷೇಮ.

ಬಿಳಿ ಪದರದ ಅಂಟಿನ ಗುಣ ನನಗೆ ಹೆಚ್ಚು ಉಪಕಾರ ಮಾಡಿದ್ದು ಅನಾನಸು ಜಾಮಿನಲ್ಲಿ. ಬನವಾಸಿಯ ಸುತ್ತ ಅನಾನಸು ಬಹಳ ಬೆಳೆಯುವುದರಿಂದ ಸುಗ್ಗಿಯಲ್ಲಿ ನಮಗೆ ಅದು ಅಗ್ಗವಾಗಿ ಸಿಗುತ್ತದೆ. ಆದರೆ ಅನಾನಸಿನಲ್ಲಿ ಪೆಕ್ಟಿನ್ ಕಡಿಮೆ. ಎಷ್ಟು ಕಾಯಿಸಿದರೂ ಜಾಮು ಪಾಕವಾಗುತ್ತದೆಯೇ ಹೊರತು ಗಟ್ಟಿಯಾಗಿ ಕೂರುವುದಿಲ್ಲ, ಅತಿಯಾಗಿ ಕಾಯಿಸಿದರೆ ಹಣ್ಣಿನ ರುಚಿಯೇ ಹೋಗುತ್ತದೆ. ಅಂಗಡಿಯ ಪೆಕ್ಟಿನ್ ಪುಡಿಯನ್ನು ಹುಡುಕುವ ಬದಲು ಏಳೆಂಟು ಲಿಂಬೆಯ ಹಳದಿ ಪದರವನ್ನು ಹೆರೆದು, ಉಳಿದ ಬಿಳಿ ಭಾಗವನ್ನೂ ಬೀಜಗಳನ್ನೂ ಜಜ್ಜಿ, ಎರಡು ಲೋಟ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕುತ್ತೇನೆ. ಬೆಳಿಗ್ಗೆ ಅದನ್ನು ಅರ್ಧ ಲೋಟದಷ್ಟಾಗುವವರೆಗೆ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿದರೆ ಲೋಳೆಯಂಥ ನೀರು ಸಿಗುತ್ತದೆ. ಒಂದು ಕಿಲೋ ಅನಾನಸಿನ ತಿರುಳಿಗೆ ಸಕ್ಕರೆ ಕರಗಿದ ಮೇಲೆ ಈ ನೀರನ್ನೂ ಎರಡು ಚಮಚ ಲಿಂಬೆರಸವನ್ನೂ ಸೇರಿಸಿದರೆ ಜಾಮು ಚೆನ್ನಾಗಿ ಕೂರುತ್ತದೆ. ಪೆಕ್ಟಿನ್ ಹೆಪ್ಪುಗಟ್ಟಲು ಸಕ್ಕರೆ ಮತ್ತು ಹುಳಿ ಎರಡೂ ಬೇಕಾದ್ದರಿಂದ ಲಿಂಬೆರಸವನ್ನು ಬಿಡುವಂತಿಲ್ಲ.

ಹೆರೆದ ಹಳದಿ ಪದರವೂ ವ್ಯರ್ಥವಲ್ಲ. ಅದನ್ನು ನೆರಳಿನಲ್ಲಿ ಒಣಗಿಸಿ ಪುಡಿಮಾಡಿ ಕಷಾಯದ ಪುಡಿಗೆ ಬೆರೆಸುತ್ತೇನೆ: ಒಂದು ಬಟ್ಟಲು ಕೊತ್ತಂಬರಿ, ಕಾಲು ಬಟ್ಟಲು ಜೀರಿಗೆ, ಒಂದು ಚಮಚ ಕಾಳುಮೆಣಸಿಗೆ ಒಂದು ಚಮಚ ಸಿಪ್ಪೆಯ ಪುಡಿಗಿಂತ ಹೆಚ್ಚು ಬೇಡ. ಹಾಲು ಹಾಕಿ ಕುಡಿಯುವವರು ಕಷಾಯವನ್ನು ಒಲೆಯಿಂದ ಇಳಿಸಿ ಸೋಸಿದ ಮೇಲೆ ಹಾಲು ಬೆರೆಸಬೇಕು.

ಇನ್ನು ಒಣಗಿಸುವ ಮಾತು. ಸಿಪ್ಪೆಯನ್ನು ಒಣಗಿಸಿಡಿ ಎಂದು ಬರೆಯುವುದು ಸುಲಭ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ಅದನ್ನು ಮಾಡುವುದು ಬೇರೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಅಂಗಳದಲ್ಲಿ ಅಡಿಕೆ ಒಣಗುವಾಗ ಒಂದು ಮೊರದಲ್ಲಿ ಸಿಪ್ಪೆಯೂ ಒಣಗುತ್ತದೆ. ಬೆರಳಗಲದ ಚೂರುಗಳಾಗಿ ಕತ್ತರಿಸಿ, ಬಿಳಿ ಮೈ ಮೇಲೆ ಬರುವಂತೆ ಹರಡಿದರೆ ಬೇಗ ಒಣಗುತ್ತವೆ. ಮುರಿದರೆ ಟಕ್ಕೆಂದು ಸದ್ದಾಗಬೇಕು. ಬಾಗಿದರೆ ಇನ್ನೂ ಒಂದು ಬಿಸಿಲು ಬೇಕೆಂದು ಅರ್ಥ. ಮಳೆಗಾಲದಲ್ಲಿ ಬಚ್ಚಲ ಒಲೆಯ ಹಂಡೆಯ ಪಕ್ಕದ ಕಟ್ಟೆಯೊಂದೇ ಗತಿ. ಅಲ್ಲಿ ಒಣಗಿದ್ದಕ್ಕೆ ಹೊಗೆಯ ವಾಸನೆ ಹಿಡಿಯುವುದರಿಂದ ಅದು ಅಡುಗೆಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ, ಏಕೆಂದರೆ ಅದರ ಉಪಯೋಗ ಅದೇ ಒಲೆಯ ಬಾಯಲ್ಲಿದೆ. ಥಂಡಿ ಹಿಡಿದ ಕಟ್ಟಿಗೆ ಹೊತ್ತಿಸಲು ಸೀಮೆಎಣ್ಣೆ ಸಿಗುತ್ತಿದ್ದ ಕಾಲ ಹೋಯಿತು. ಒಂದು ಹಿಡಿ ಒಣ ಕಿತ್ತಳೆ ಸಿಪ್ಪೆಯನ್ನು ತೆಂಗಿನ ಗರಿ ಮತ್ತು ಅಡಿಕೆ ಸಿಪ್ಪೆಯ ನಡುವೆ ಇಟ್ಟು ಕಡ್ಡಿ ಗೀರಿದರೆ, ಒಳಗೆ ಉಳಿದ ಎಣ್ಣೆ ಹೊತ್ತಿಕೊಂಡು ಕಟ್ಟಿಗೆಗೆ ಬೆಂಕಿ ತಗಲುವವರೆಗೆ ಉರಿ ನಿಲ್ಲುತ್ತದೆ. ಸಿಪ್ಪೆಯ ಎಲ್ಲ ಉಪಯೋಗಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನಾನು ಇದನ್ನು ಆರಿಸಿಕೊಳ್ಳುತ್ತೇನೆ. ಸೀರೆಯ ಪೆಟ್ಟಿಗೆಯಲ್ಲಿ ಲಾವಂಚದ ಜೊತೆ ಒಣ ಸಿಪ್ಪೆ ಕಟ್ಟಿಡುವುದು ಬೇಸಿಗೆಗೆ ಮಾತ್ರ ಸರಿ. ಮಳೆ ಹಿಡಿದೊಡನೆ ಸಿಪ್ಪೆ ತೇವ ಹೀರಿ ತಾನೇ ಬೂಷ್ಟಾಗಿ ಸೀರೆಗೂ ಹಬ್ಬಿಸುತ್ತದೆ.

ತೊಳೆಯುವ ಕೆಲಸಗಳಲ್ಲಿ ಹಿತ್ತಾಳೆಯದ್ದೇ ಮೊದಲನೆಯದು. ಹಿಂಡಿದ ಲಿಂಬೆ ಹೋಳನ್ನು ಪುಡಿ ಉಪ್ಪಿನಲ್ಲಿ ಅದ್ದಿ ದೀಪದ ಕಂಬ, ತಾಮ್ರದ ತಂಬಿಗೆಗಳನ್ನು ತಿಕ್ಕಿದರೆ, ಲೋಹದ ಮೇಲೆ ಕೂತ ಕಪ್ಪು ಪದರ ಹುಳಿಯಲ್ಲಿ ಕರಗಿ ಹೋಗುತ್ತದೆ. ತಿಕ್ಕಿದ ಮೇಲೆ ಕೂಡಲೇ ತೊಳೆದು ಒಣ ಬಟ್ಟೆಯಿಂದ ಒರೆಸಬೇಕು, ಇಲ್ಲವಾದರೆ ಉಳಿದ ಉಪ್ಪು-ಹುಳಿಯೇ ಹಸಿರು ಕಲೆ ಮಾಡುತ್ತದೆ. ಕಾರವಾರದ ಕೋಡಿಬಾಗದಲ್ಲಿ ನಾವು ಬಾಡಿಗೆ ಮನೆಯಲ್ಲಿದ್ದ ವರ್ಷಗಳಲ್ಲಿ ಉಪ್ಪುಗಾಳಿಗೆ ಹಿತ್ತಾಳೆ ಶಿರಸಿಗಿಂತ ಬೇಗ ಕಪ್ಪಾಗುತ್ತಿದ್ದುದರಿಂದ ಲಿಂಬೆ ಹೋಳು ಎಷ್ಟಿದ್ದರೂ ಸಾಲುತ್ತಿರಲಿಲ್ಲ. ಅಲ್ಲಿ ಪಕ್ಕದ ಮನೆಯ ಕೊಂಕಣಿ ಅಕ್ಕ ಬಂಗಡೆ ಕೊಯ್ದ ಮೇಲೆ ಕೈ, ಕತ್ತಿ, ಮಣೆಗಳನ್ನು ಲಿಂಬೆ ಸಿಪ್ಪೆಯಿಂದಲೇ ತಿಕ್ಕುತ್ತಿದ್ದರು. ಮೀನಿನ ವಾಸನೆಗೆ ಕಾರಣವಾದ ದ್ರವ್ಯ ಕ್ಷಾರಗುಣದ್ದಾಗಿದ್ದು, ಹುಳಿ ಸೇರಿದೊಡನೆ ಅದು ಗಾಳಿಗೆ ಏಳದ ಉಪ್ಪಾಗಿ ಬದಲಾಗಿ ನೀರಿನೊಡನೆ ಹೋಗುತ್ತದೆ. ಸೋಪಿಗೆ ಹೋಗದ ವಾಸನೆ ಲಿಂಬೆಗೆ ಹೋಗುವ ಕಾರಣ ಇದು. ನಮ್ಮ ಸಸ್ಯಾಹಾರದ ಅಡುಗೆಮನೆಯಲ್ಲಿ ಆ ಪ್ರಸಂಗವಿಲ್ಲವಾದರೂ, ಅಲ್ಯೂಮಿನಿಯಂ ಕುಕ್ಕರಿನ ತಳದ ನೀರಿಗೆ ಒಂದು ಹಿಂಡಿದ ಹೋಳು ಹಾಕಿ ಒಳಮೈ ಕಪ್ಪಾಗದಂತೆ ಕಾಪಾಡುವುದನ್ನು ನಾನು ಕಲಿತದ್ದು ಅವರಿಂದಲೇ.

ಗ್ಯಾಸಿನ ಕಟ್ಟೆಯ ಜಿಡ್ಡಿಗೆ, ಉಪ್ಪಿನಕಾಯಿ ಬಾಟಲಿಗೆ ಅಂಟಿದ ಚೀಟಿಯ ಗೋಂದಿಗೆ ಹುಳಿಗಿಂತ ಎಣ್ಣೆ ಮುಖ್ಯ. ಗಾಜಿನ ಬಾಟಲಿಯಲ್ಲಿ ಕಿತ್ತಳೆ, ಮೂಸಂಬಿ ಸಿಪ್ಪೆಗಳನ್ನು ತುಂಬಿ, ಮುಳುಗುವಷ್ಟು ಬಿಳಿ ವಿನಿಗರ್ ಸುರಿದು, ಹದಿನೈದು ದಿನ ಬಿಟ್ಟು ಸೋಸಿ, ಅಷ್ಟೇ ನೀರು ಬೆರೆಸಿ ಬಳಸುತ್ತೇನೆ. ಸ್ಟೀಲು, ಗಾಜು, ಟೈಲ್ಸುಗಳಿಗೆ ಇದು ಒಳ್ಳೆಯದು. ಕಡಪಾ ಕಲ್ಲು ಮತ್ತು ಅಮೃತಶಿಲೆ ಸುಣ್ಣದ ಜಾತಿಯವಾದ್ದರಿಂದ ಹುಳಿ ಅವುಗಳನ್ನು ತಿನ್ನುತ್ತದೆ. ಹಳೆಯ ಮನೆಗಳ ಕೆಂಪು ಗಾರೆಯ ನೆಲದ ಹೊಳಪೂ ಹೋಗುತ್ತದೆ. ಬ್ಲೀಚಿಂಗ್ ಪುಡಿ ಹಾಕಿದ ಜಾಗಕ್ಕೆ ಇದನ್ನು ಎಂದೂ ಸುರಿಯಬಾರದು, ಎರಡೂ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ.

ಬೆಲ್ಲ ಒಂದು ಪಾಲು, ಸಿಪ್ಪೆ ಮೂರು ಪಾಲು, ನೀರು ಹತ್ತು ಪಾಲು ಸೇರಿಸಿ ಮೂರು ತಿಂಗಳು ಹುಳಿಯಲು ಬಿಡುವ ಬಯೋ ಎಂಜೈಮ್ ಈಗ ಎಲ್ಲೆಡೆ ಪ್ರಸಿದ್ಧ. ಜೋನಿಬೆಲ್ಲದ ಡಬ್ಬಿಯ ತಳದಲ್ಲಿ ಉಳಿದುದನ್ನು ತೊಳೆದ ನೀರು ನನಗೆ ಇದಕ್ಕೆ ಒದಗುತ್ತದೆ. ಮೊದಲ ತಿಂಗಳು ಅನಿಲ ಜೋರಾಗಿ ಏಳುವುದರಿಂದ ಗಾಜಿನ ಬಾಟಲಿ ಬೇಡ; ಪ್ಲಾಸ್ಟಿಕ್ ಕ್ಯಾನಿನಲ್ಲಿ ಕಾಲುಭಾಗ ಖಾಲಿ ಬಿಟ್ಟು, ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಮತ್ತೆ ಬಿಗಿಯಬೇಕು. ಸೋಸಿದ ಕಂದು ನೀರನ್ನು ಹತ್ತು ಪಟ್ಟು ನೀರಿಗೆ ಬೆರೆಸಿ ಬಚ್ಚಲಿನ ಪಾಚಿ ಕಟ್ಟಿದ ಟೈಲ್ಸು, ಕೊಳೆತ ವಾಸನೆಯ ಮೋರಿಗಳಿಗೆ ಬಳಸಿದ್ದೇನೆ, ಕೆಲಸ ಮಾಡುತ್ತದೆ. ಆದರೆ ಇದು ಸರ್ವರೋಗಕ್ಕೆ ಮದ್ದು ಎನ್ನುವ ಮಾತುಗಳನ್ನು ನಾನು ನಂಬುವುದಿಲ್ಲ. ಇದು ಹುದುಗಿ ಹುಟ್ಟಿದ ಸೌಮ್ಯ ಹುಳಿನೀರು. ರೋಗಿಯ ಕೋಣೆಯ ನೆಲಕ್ಕೆ ಬೇಕಾದ ಕ್ರಿಮಿನಾಶಕದ ಜಾಗವನ್ನು ಇದು ತುಂಬಲಾರದು.

ಮೈಗೆ ಹಚ್ಚುವುದರಲ್ಲಿಯೂ ವಿವೇಕ ಬೇಕು. ಒಣ ಕಿತ್ತಳೆ ಸಿಪ್ಪೆಯ ಪುಡಿಯನ್ನು ಕಡಲೆಹಿಟ್ಟಿಗೆ ಬೆರೆಸಿ ಸ್ನಾನಕ್ಕೆ ಬಳಸುವುದು ನಮ್ಮಲ್ಲಿದೆ, ಚೆನ್ನಾಗಿ ತೊಳೆದುಕೊಂಡರೆ ತೊಂದರೆ ಕಂಡಿಲ್ಲ. ಹಸಿ ಲಿಂಬೆ ಸಿಪ್ಪೆಯನ್ನು ಮುಖಕ್ಕೆ ತಿಕ್ಕಿಕೊಂಡು ಬಿಸಿಲಿಗೆ ಹೋಗುವುದು ಮಾತ್ರ ಅಪಾಯ; ಅದರ ಎಣ್ಣೆಯಲ್ಲಿರುವ ದ್ರವ್ಯಗಳು ಬಿಸಿಲಿನ ಜೊತೆ ಸೇರಿ ಚರ್ಮವನ್ನು ಸುಡುತ್ತವೆ, ಒಂದೆರಡು ದಿನದ ಮೇಲೆ ಗುಳ್ಳೆಯೋ ಕಪ್ಪು ಕಲೆಯೋ ಏಳುತ್ತದೆ.

ಇಷ್ಟೆಲ್ಲ ಆದಮೇಲೂ ಉಳಿಯುವ ಸಿಪ್ಪೆ, ವಿನಿಗರಿನಲ್ಲಿ ನೆನೆದ ಚರಟ, ಬೂಷ್ಟು ಹಿಡಿದ ಹೋಳುಗಳು ಎಲ್ಲಿಗೆ ಹೋಗಬೇಕೆಂಬುದನ್ನೂ ಹೇಳಬೇಕು. ನಮ್ಮ ಸೀಮೆಯ ಬಹಳ ಮನೆಗಳಲ್ಲಿ ಗೋಬರ್ ಗ್ಯಾಸ್ ಇರುವುದರಿಂದ ಸೆಗಣಿಯ ಜೊತೆ ಅದರ ತೊಟ್ಟಿಗೇ ಸುರಿಯುವ ಮನಸ್ಸಾಗುತ್ತದೆ. ಹಾಗೆ ಮಾಡಬಾರದು. ಅನಿಲ ಹುಟ್ಟಿಸುವ ಸೂಕ್ಷ್ಮಜೀವಿಗಳಿಗೆ ಲಿಮೊನೀನ್ ಆಗಿಬರುವುದಿಲ್ಲ, ಪ್ರಮಾಣ ಹೆಚ್ಚಾದರೆ ಗ್ಯಾಸು ಇಳಿಯುತ್ತದೆ. ಎರೆಹುಳುವಿನ ತೊಟ್ಟಿಗೂ ಅದು ಸಲ್ಲದು. ಹುಳುಗಳಿಗೆ ಆ ಎಣ್ಣೆ ವಿಷ. ಕೊಟ್ಟಿಗೆಯ ಹಿಂದಿನ ಮಾಮೂಲಿ ಗೊಬ್ಬರದ ಗುಂಡಿಯೇ ಇದಕ್ಕೆ ಸರಿಯಾದ ಜಾಗ. ಸಿಪ್ಪೆಯನ್ನು ಸಣ್ಣಗೆ ಕತ್ತರಿಸಿ, ಒಂದೇ ಕಡೆ ರಾಶಿ ಹಾಕದೆ ದರಕು (ಉದುರಿದ ಒಣ ಎಲೆ) ಮತ್ತು ಸೆಗಣಿಯ ನಡುವೆ ತೆಳುವಾಗಿ ಹರಡಿದರೆ, ಎಣ್ಣೆ ಮೊದಲ ಕೆಲವು ವಾರಗಳಲ್ಲಿ ಆರಿಹೋಗಿ ಉಳಿದದ್ದು ಸೊಪ್ಪಿನ ಜೊತೆಗೇ ಕರಗುತ್ತದೆ. ವಿನಿಗರಿನ ಚರಟವನ್ನು ಮಾತ್ರ ಗುಂಡಿಗೆ ಹಾಕುವ ಮೊದಲು ಒಂದು ಬಾರಿ ನೀರಿನಲ್ಲಿ ತೊಳೆದುಕೊಳ್ಳಬೇಕು.